ಪೊಲೀಸರು ಬಾಗಿಲಿಗೆ ಬಂದಾಗ: ಶೋಧ, ಜಪ್ತಿ, ಬಂಧನಕ್ಕೆ ಸಂವಿಧಾನ ಹಾಕಿದ ಗೆರೆಗಳು ಮತ್ತು ಅವನ್ನು ಬಳಸುವ ಬಗೆ

ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಅಧ್ಯಾಯವನ್ನು ಎಷ್ಟು ಸಲ ಓದಿದರೂ ಮನೆ ಶೋಧದ ಬಗ್ಗೆ ಒಂದು ಸಾಲು ಸಿಗುವುದಿಲ್ಲ. ಬಂಧನಕ್ಕೆ ಮಾತ್ರ ಒಂದು ಇಡೀ ವಿಧಿ ಮೀಸಲಾಗಿದೆ, 22ನೆಯದು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಅಕಾರಣ ಶೋಧ ಮತ್ತು ಜಪ್ತಿಯಿಂದ ಜನರಿಗೆ ರಕ್ಷಣೆ ಕೊಡುವ ತಿದ್ದುಪಡಿ ಮಂಡಿಸಿದ್ದರು. ಅಂತಿಮ ಸಂವಿಧಾನದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಮರುವರ್ಷ ಸೆಪ್ಟೆಂಬರ್ 15ರಂದು ಅಂಬೇಡ್ಕರ್ ಅವರು ಬಂಧಿತರ ಹಕ್ಕುಗಳ ಹೊಸ ವಿಧಿಯೊಂದನ್ನು ಮಂಡಿಸಿದರು. ಜೀವ ಮತ್ತು ಸ್ವಾತಂತ್ರ್ಯದ ವಿಧಿಯಲ್ಲಿ ಉಳಿದುಹೋಗಿದ್ದ ಕೊರತೆಯನ್ನು ಅದರಿಂದ ತುಂಬುವುದು ಅವರ ಉದ್ದೇಶವಾಗಿತ್ತು. ಅದೇ ಇಂದಿನ 22ನೇ ವಿಧಿ.

ಫಲ ಏನಾಯಿತೆಂದರೆ, ನಮ್ಮಲ್ಲಿ ದೇಹಕ್ಕೆ ಸಂವಿಧಾನದ ನೇರ ಕಾವಲಿದೆ, ಮನೆಗೆ ಇರುವುದು ಸುತ್ತುಬಳಸಿನ ಕಾವಲು. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ, ಶೋಧದ ವಿರುದ್ಧ ಖಾಸಗಿತನದ ಹಕ್ಕನ್ನು ಸಂವಿಧಾನದೊಳಗೆ ಓದಿಕೊಳ್ಳಲು ಒಪ್ಪಲಿಲ್ಲ. ಆ ಮಾತು ಅಳಿಯಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳು, ಖಾಸಗಿತನ 21ನೇ ವಿಧಿಯ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ, ಭಾಗ ಎಂದು ಒಮ್ಮತದಿಂದ ಸಾರಿದರು. ಆದರೆ ಇನ್ನೊಂದು ಹಳೆಯ ತೀರ್ಪು ಹಾಗೆಯೇ ನಿಂತಿದೆ. 1974ರ ಪೂರನ್ ಮಲ್ ಪ್ರಕರಣದ ಪ್ರಕಾರ, ಶೋಧ ಕಾನೂನುಬಾಹಿರವಾಗಿದ್ದರೂ ಸಿಕ್ಕ ಸಾಕ್ಷ್ಯ ಪ್ರಸ್ತುತವಾಗಿದ್ದರೆ ಅದನ್ನು ಆ ಒಂದೇ ಕಾರಣಕ್ಕೆ ತಳ್ಳಿಹಾಕಬೇಕಿಲ್ಲ.

ಹಾಗಾಗಿ ವಿದೇಶಿ ಸಿನಿಮಾಗಳಲ್ಲಿ ಕಾಣುವಂತೆ "ವಾರಂಟ್ ಇರಲಿಲ್ಲ, ಕೇಸು ಬಿದ್ದುಹೋಯಿತು" ಎಂಬ ಆಸೆಯನ್ನು ಇಲ್ಲಿ ಇಟ್ಟುಕೊಳ್ಳಬೇಡಿ. ನಮ್ಮ ರಕ್ಷಣೆ ಬಹುಪಾಲು ಕಾಗದದಲ್ಲಿದೆ: ನೋಟಿಸು, ಮಹಜರು (ಜಪ್ತಿ ಮಾಡಿದ ಸ್ಥಳದಲ್ಲೇ ಬರೆಯುವ ಪಟ್ಟಿ), ಬಂಧನ ಪತ್ರ, ಬಂಧನದ ಕಾರಣಗಳ ಲಿಖಿತ ಪ್ರತಿ. ಆಯಾ ಹೊತ್ತಿನಲ್ಲಿ ಆ ಕಾಗದ ಹುಟ್ಟಿತೇ, ಅದರಲ್ಲಿ ಬರೆದ ಸಮಯ ನಿಜವೇ, ಪ್ರತಿ ನಿಮ್ಮ ಕೈಗೆ ಬಂದಿತೇ ಎಂಬುದರ ಮೇಲೆ ಮುಂದಿನ ಎಲ್ಲ ವಾದಗಳೂ ನಿಲ್ಲುತ್ತವೆ. ಪೊಲೀಸರೊಂದಿಗೆ ಬಾಗಿಲಲ್ಲಿ ಜಗಳವಾಡಿ ಗೆದ್ದವರು ಇಲ್ಲವೇ ಇಲ್ಲ ಎನ್ನಬಹುದು. ಕಾಗದ ಕೇಳಿ ಪಡೆದುಕೊಂಡವರು ಮುಂದೆ ನ್ಯಾಯಾಲಯದಲ್ಲಿ ಗೆದ್ದಿದ್ದಾರೆ.

ಕಾನೂನಿನ ಹೆಸರುಗಳ ಬಗ್ಗೆ ಒಂದು ಮಾತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಮುಂದೆ "ಕಲಂ" ಎಂದು ಬರೆದಲ್ಲೆಲ್ಲ, ಬೇರೆ ಹೆಸರು ಹೇಳದಿದ್ದರೆ, ಅದು ಈ ಹೊಸ ಸಂಹಿತೆಯದು. "ವಿಧಿ" ಎಂದರೆ ಸಂವಿಧಾನದ್ದು.

ಹೆಜ್ಜೆ 1: ಬಂದವರು ಯಾವ ಕೆಲಸಕ್ಕೆ ಬಂದಿದ್ದಾರೆ ಎಂದು ತಿಳಿಯಿರಿ

ಪೊಲೀಸರು ನಾಲ್ಕು ಕೆಲಸಗಳಲ್ಲಿ ಒಂದಕ್ಕೆ ಬಂದಿರುತ್ತಾರೆ: ನೋಟಿಸು ಕೊಡಲು, ಸಾಕ್ಷಿಯಾಗಿ ನಿಮ್ಮ ಹೇಳಿಕೆ ಪಡೆಯಲು, ಶೋಧ ನಡೆಸಲು, ಇಲ್ಲವೇ ಬಂಧಿಸಲು. ನಾಲ್ಕಕ್ಕೂ ನಿಯಮ ಬೇರೆ. "ಸುಮ್ಮನೆ ಠಾಣೆಗೆ ಬನ್ನಿ, ಸಾಹೇಬರು ಮಾತಾಡಬೇಕಂತೆ" ಎಂಬ ಐದನೆಯ ಬಗೆ ಕಾನೂನಿನಲ್ಲಿ ಇಲ್ಲ. ಹೆಚ್ಚಿನ ಗೋಳು ಶುರುವಾಗುವುದು ಮಾತ್ರ ಅಲ್ಲಿಂದಲೇ.

ಆದ್ದರಿಂದ ಮೊದಲು ಮೂರು ಪ್ರಶ್ನೆ ಕೇಳಿ, ಸಮಾಧಾನದ ದನಿಯಲ್ಲಿ: ನಿಮ್ಮ ಹೆಸರು ಮತ್ತು ಠಾಣೆ ಯಾವುದು, ಪ್ರಕರಣದ ಅಪರಾಧ ಸಂಖ್ಯೆ ಎಷ್ಟು, ನಾನು ಇದರಲ್ಲಿ ಆರೋಪಿಯೇ ಸಾಕ್ಷಿಯೇ? ಬಂಧಿಸುವ ಅಧಿಕಾರಿ ಸ್ಪಷ್ಟವಾಗಿ ಓದಲಾಗುವ ಹೆಸರಿನ ಗುರುತನ್ನು ಧರಿಸಿರಬೇಕು ಎಂದು ಕಲಂ 36 ಹೇಳುತ್ತದೆ. ಮಫ್ತಿಯಲ್ಲಿ ಬಂದವರ ಬಗ್ಗೆ ಅನುಮಾನ ಬಂದರೆ ಆ ಠಾಣೆಗೋ 112ಕ್ಕೋ ಕರೆ ಮಾಡಿ ಖಚಿತಪಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಸಾಕ್ಷಿಯಾಗಿ ಕರೆದರೆ ಕಲಂ 179ರಂತೆ ಲಿಖಿತ ಆದೇಶ ಬೇಕು. ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯಲ್ಲಿರುವವರನ್ನು ಠಾಣೆಗೆ ಬರುವಂತೆ ಒತ್ತಾಯಿಸುವ ಹಾಗಿಲ್ಲ. ಅವರು ಇರುವ ಮನೆಗೇ ಪೊಲೀಸರು ಹೋಗಬೇಕು.

ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ಕುಳಿತು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎನ್ನುವವನು ಪೊಲೀಸನಲ್ಲ, ವಂಚಕ. ಅಂಥ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಕರೆ ಕತ್ತರಿಸಿ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೆಜ್ಜೆ 2: ಹಾಜರಾತಿ ನೋಟಿಸು ಬಂದರೆ ಹೋಗಿ, ಆದರೆ ಗುರುತು ಉಳಿಸಿ ಹೋಗಿ

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಸಹಜ ಕ್ರಮವಲ್ಲ. ಬಂಧಿಸಲೇಬೇಕಾದರೆ ಏಕೆ ಎಂದು ಅಧಿಕಾರಿ ಬರೆದಿಡಬೇಕು: ಮತ್ತೆ ಅಪರಾಧ ಮಾಡಬಹುದೆಂದೋ, ಸಾಕ್ಷ್ಯ ನಾಶ ಮಾಡಬಹುದೆಂದೋ, ಸಾಕ್ಷಿಗಳನ್ನು ಬೆದರಿಸಬಹುದೆಂದೋ, ಕರೆದಾಗ ಸಿಗುವುದಿಲ್ಲವೆಂದೋ. ಇಲ್ಲದಿದ್ದರೆ ಕಲಂ 35(3)ರಡಿ ಹಾಜರಾತಿ ನೋಟಿಸು ಕೊಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಎಷ್ಟು ಗಟ್ಟಿ ಮಾಡಿತೆಂದರೆ, ಪಾಲಿಸದ ಪೊಲೀಸ್ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಮತ್ತು ನ್ಯಾಯಾಂಗ ನಿಂದನೆ ಎರಡೂ ಆಗಬಹುದು. ಕಣ್ಣುಮುಚ್ಚಿ ಕಸ್ಟಡಿಗೆ ಕಳಿಸುವ ಮ್ಯಾಜಿಸ್ಟ್ರೇಟರ ಮೇಲೂ ಇಲಾಖಾ ಕ್ರಮಕ್ಕೆ ಅವಕಾಶವಿದೆ. ಬಂಧಿಸುವ ಅಧಿಕಾರ ಇರುವುದು ಬೇರೆ, ಅದನ್ನು ಬಳಸಲು ಸಮರ್ಥನೆ ಇರುವುದು ಬೇರೆ ಎಂದು 1994ರಲ್ಲೇ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು.

ಹೊಸ ಸಂಹಿತೆ ಒಂದು ಒಳ್ಳೆಯ ಮಾತು ಸೇರಿಸಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ಆರೋಪಿ ಅಶಕ್ತರೋ 60 ದಾಟಿದವರೋ ಆಗಿದ್ದರೆ, ಡಿವೈಎಸ್‌ಪಿ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿಯ ಮುಂಚಿತ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ.

ನೋಟಿಸು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ? 2025ರ ಜನವರಿಯಲ್ಲಿ ಸತೇಂದರ್ ಕುಮಾರ್ ಅಂತಿಲ್ ಪ್ರಕರಣದ ಆದೇಶದಲ್ಲಿ, ಇಂಥ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡುವುದು ಕಾನೂನು ಹೇಳಿದ ಕ್ರಮವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಹಾಗೆಂದು ಸುಮ್ಮನೆ ಕೂರುವುದು ಜಾಣತನವಲ್ಲ. ವಕೀಲರ ಮೂಲಕ ಲಿಖಿತ ನೋಟಿಸು ಕೇಳಿ, ಬರಲು ಸಿದ್ಧ ಎಂದು ತಿಳಿಸಿ.

ಹಾಜರಾದ ದಿನ, ಬಂದಿದ್ದೇನೆ ಎಂದು ಎರಡು ಸಾಲಿನ ಪತ್ರ ಕೊಟ್ಟು, ಅದರ ಪ್ರತಿಯ ಮೇಲೆ ಠಾಣೆಯ ಮುದ್ರೆ ಮತ್ತು ಸಮಯ ಹಾಕಿಸಿಕೊಳ್ಳಿ. ಮುದ್ರೆ ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಅಂದೇ ನೋಂದಾಯಿತ ಅಂಚೆಯಲ್ಲೋ ಇಮೇಲ್‌ನಲ್ಲೋ ಕಳಿಸಿ. ನೋಟಿಸಿಗೆ ಸ್ಪಂದಿಸಿದವರನ್ನು ಅದೇ ಅಪರಾಧಕ್ಕೆ ಬಂಧಿಸಬೇಕಾದರೆ ಅಧಿಕಾರಿ ಹೊಸದಾಗಿ ಕಾರಣ ಬರೆಯಬೇಕು. "ಆರೋಪಿ ಸಹಕರಿಸಲಿಲ್ಲ" ಎಂಬ ಒಂದು ಸಾಲಿಗೆ ನಿಮ್ಮ ಬಳಿ ಉತ್ತರ ಇರಬೇಕು.

ಹೆಜ್ಜೆ 3: ಶೋಧಕ್ಕೆ ಬಂದರೆ ಅಡ್ಡಿ ಮಾಡದೆ, ಕಣ್ಣು ಬಿಟ್ಟು ನಿಲ್ಲಿ

ಶೋಧಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಕಲಂ 96ರಂತೆ ನ್ಯಾಯಾಲಯ ಕೊಟ್ಟ ವಾರಂಟ್. ತೋರಿಸಿದಾಗ ಓದಿ: ವಿಳಾಸ ನಿಮ್ಮದೇ, ನ್ಯಾಯಾಲಯದ ಸಹಿ ಮತ್ತು ಮೊಹರು ಇದೆಯೇ, ಯಾವ ವಸ್ತುವಿಗಾಗಿ ಎಂದು ಬರೆದಿದೆಯೇ. ಎರಡನೆಯದು ಕಲಂ 185, ವಾರಂಟ್ ಇಲ್ಲದ ಶೋಧ. ಜನ ತಿಳಿದುಕೊಂಡಿರುವುದಕ್ಕಿಂತ ಇದೇ ಹೆಚ್ಚು ಬಳಕೆಯಲ್ಲಿದೆ. "ವಾರಂಟ್ ಇಲ್ಲವೇ? ಹಾಗಿದ್ದರೆ ಹೊರಡಿ" ಎಂದು ಬಾಗಿಲು ಹಾಕಿದರೆ ಕರ್ತವ್ಯಕ್ಕೆ ಅಡ್ಡಿಪಡಿಸಿದ ಇನ್ನೊಂದು ಪ್ರಕರಣ ಬೆನ್ನಿಗೆ ಬೀಳುತ್ತದೆ.

ಕಲಂ 185ರ ಒಳಗೇ ಗೆರೆಗಳಿವೆ. ತನಿಖೆಗೆ ಬೇಕಾದ ವಸ್ತು ಅಲ್ಲಿದೆ, ಬೇರೆ ದಾರಿಯಲ್ಲಿ ತಡವಿಲ್ಲದೆ ಅದು ಸಿಗುವುದಿಲ್ಲ ಎಂದು ನಂಬಲು ಕಾರಣವಿರಬೇಕು. ಆ ಕಾರಣವನ್ನೂ ಹುಡುಕುತ್ತಿರುವ ವಸ್ತುವನ್ನೂ ಶೋಧಕ್ಕೆ ಮೊದಲೇ ಕೇಸ್ ಡೈರಿಯಲ್ಲಿ ಬರೆಯಬೇಕು. ಠಾಣಾಧಿಕಾರಿಯೋ ತನಿಖಾಧಿಕಾರಿಯೋ ಸಾಧ್ಯವಾದಷ್ಟೂ ಸ್ವತಃ ಬರಬೇಕು; ಕೆಳಗಿನವರನ್ನು ಕಳಿಸಿದರೆ ಸ್ಥಳ ಮತ್ತು ವಸ್ತು ನಮೂದಿಸಿದ ಲಿಖಿತ ಆದೇಶ ಅವರ ಕೈಯಲ್ಲಿರಬೇಕು. ಆ ಬರಹದ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಮನೆಯವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಈ ಅರ್ಜಿ ಹಾಕುವವರು ಬಹಳ ಕಡಿಮೆ. ಶೋಧವಾದ ಮರುದಿನವೇ ಹಾಕಿ. ಹಿಂದಿನ ದಿನಾಂಕ ಹಾಕಿ ಕಾರಣ ಸೃಷ್ಟಿಸುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಶೋಧ ಶುರುವಾಗುವ ಮೊದಲು ಕಲಂ 103ರಂತೆ ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಗೌರವಾನ್ವಿತ ನಿವಾಸಿಗಳನ್ನು ಪಂಚರಾಗಿ, ಅಂದರೆ ಶೋಧಕ್ಕೆ ಸಾಕ್ಷಿಗಳಾಗಿ, ಕರೆಸಬೇಕು. ಪೊಲೀಸರ ಜೊತೆಗೇ ಜೀಪಿನಲ್ಲಿ ಬಂದಿಳಿದ ಪಂಚರನ್ನು ಕಂಡರೆ ಅವರ ಹೆಸರು, ಊರು ಕೇಳಿ ನೆನಪಿಟ್ಟುಕೊಳ್ಳಿ. ಪಕ್ಕದ ಮನೆಯವರನ್ನು ಕರೆಯಿರಿ ಎಂದು ಹೇಳಿ. ನೆರೆಯವರು ಕೋರ್ಟು ಕಚೇರಿಯ ಗೊಡವೆ ಬೇಡವೆಂದು ಹಿಂಜರಿಯುವುದು ನಮ್ಮ ಊರುಗಳ ದೊಡ್ಡ ದೌರ್ಬಲ್ಯ. ನಿಜವಾಗಿ, ಲಿಖಿತವಾಗಿ ಕರೆದಾಗ ಸಕಾರಣವಿಲ್ಲದೆ ಪಂಚರಾಗಲು ನಿರಾಕರಿಸುವುದೇ ಅಪರಾಧ. ಬಂದು ನಿಂತ ಒಬ್ಬ ನೆರೆಯವನು ಮನೆಯವರಿಗೂ ಪೊಲೀಸರಿಗೂ ಸಮಾನವಾಗಿ ಕಾವಲು.

ಶೋಧದ ಉದ್ದಕ್ಕೂ ಮನೆಯವರು ಜೊತೆಗಿರಬಹುದು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕು. ಒಂದು ಕೋಣೆಯಾದ ಮೇಲೆ ಇನ್ನೊಂದು ಎಂದು ಕೇಳಿಕೊಳ್ಳಿ. ನಾಲ್ವರು ನಾಲ್ಕು ದಿಕ್ಕಿಗೆ ಹೋದರೆ ಯಾರು ಎಲ್ಲಿಂದ ಏನು ತೆಗೆದರು ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಹೊಸ ಸಂಹಿತೆಯ ನಿಜವಾದ ಕೊಡುಗೆ ಕಲಂ 105. ಶೋಧ ಮತ್ತು ಜಪ್ತಿಯ ಇಡೀ ಪ್ರಕ್ರಿಯೆ, ಪಟ್ಟಿ ಬರೆಯುವುದು ಮತ್ತು ಪಂಚರು ಸಹಿ ಹಾಕುವುದು ಸೇರಿ, ಆಡಿಯೊ ವಿಡಿಯೊದಲ್ಲಿ ದಾಖಲಾಗಬೇಕು. ದಾಖಲೆ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. "ರೆಕಾರ್ಡಿಂಗ್ ಶುರುವಾಗಿದೆಯೇ?" ಎಂದು ಜೋರಾಗಿ ಕೇಳಿ, ಸಮಯವನ್ನೂ ಬಾಯಲ್ಲಿ ಹೇಳಿ. ಶುರುವಾಗಿದ್ದರೆ ನಿಮ್ಮ ಪ್ರಶ್ನೆಯೂ ಅದರಲ್ಲಿರುತ್ತದೆ.

ಹೆಜ್ಜೆ 4: ಮಹಜರನ್ನು ಓದದೆ ಸಹಿ ಬೇಡ

ಜಪ್ತಿ ಮಾಡಿದ ಪ್ರತಿಯೊಂದು ವಸ್ತು ಮತ್ತು ಅದು ಸಿಕ್ಕ ಜಾಗ ಪಟ್ಟಿಯಲ್ಲಿರಬೇಕು, ಪಂಚರ ಸಹಿ ಇರಬೇಕು, ಒಂದು ಪ್ರತಿ ನಿಮಗೆ ಸಿಗಬೇಕು. ಖಾಲಿ ಹಾಳೆಗೆ, ಅರ್ಧ ಬರೆದ ಹಾಳೆಗೆ ಸಹಿ ಹಾಕಬೇಡಿ. ಶುರು ಮಾಡಿದ ಸಮಯ, ಮುಗಿದ ಸಮಯ ನೋಡಿ. ನಗದು ಇದ್ದರೆ ಯಾವ ಮುಖಬೆಲೆಯ ನೋಟು ಎಷ್ಟು ಎಂದು, ಒಡವೆಯಾದರೆ ತೂಕ, ಫೋನಾದರೆ ಮಾದರಿ ಮತ್ತು ಐಎಂಇಐ ಸಂಖ್ಯೆ ಬರೆಯಿಸಿ. ಬರೆದದ್ದರಲ್ಲಿ ತಪ್ಪಿದ್ದರೆ ಸಹಿಯ ಮೇಲ್ಗಡೆಯೇ ನಿಮ್ಮ ಕೈಬರಹದಲ್ಲಿ ಆಕ್ಷೇಪಣೆ ಬರೆಯಿರಿ: "ಚೀಲ ನನ್ನ ಕೋಣೆಯಲ್ಲಿ ಸಿಕ್ಕಿದ್ದಲ್ಲ, ಅಂಗಳದಲ್ಲಿ ಸಿಕ್ಕಿದ್ದು" ಎಂಬಂತೆ, ಚಿಕ್ಕದಾಗಿ. ಬರೆಯಲು ಬಿಡದಿದ್ದರೆ ಅಂದೇ ಮೇಲಧಿಕಾರಿಗೆ ಇಮೇಲ್ ಮಾಡಿ. ವಾರ ಬಿಟ್ಟು ಬಂದ ಆಕ್ಷೇಪಣೆಯನ್ನು ನ್ಯಾಯಾಲಯ ಆಮೇಲೆ ಹೊಳೆದ ಯೋಚನೆ ಎಂದು ನೋಡುತ್ತದೆ.

ವಾಹನವೋ ಒಡವೆಯೋ ಜಪ್ತಿಯಾದರೆ ತೀರ್ಪಿನವರೆಗೆ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಬೇಕಿಲ್ಲ. ಕಲಂ 497 ಮತ್ತು 503ರಡಿ ಬಿಡುಗಡೆಗೆ ಅರ್ಜಿ ಹಾಕಿ. 2002ರ ಸುಂದರಭಾಯಿ ದೇಸಾಯಿ ತೀರ್ಪು ನಿಮ್ಮ ಪರವಾಗಿದೆ. ಬ್ಯಾಂಕ್ ಖಾತೆ ಸ್ಥಗಿತವಾದರೂ ಅದು ಕಲಂ 106ರ ಜಪ್ತಿಯೇ, ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಿರಲೇಬೇಕು. ಯಾವ ಠಾಣೆಯ ಯಾವ ಪ್ರಕರಣದಲ್ಲಿ ಎಂದು ಬ್ಯಾಂಕಿನಿಂದ ಬರಹದಲ್ಲಿ ಪಡೆದು, ಆ ವ್ಯಾಪ್ತಿಯ ನ್ಯಾಯಾಲಯಕ್ಕೆ ಹೋಗಿ. ಮನೆ, ಜಮೀನಿನಂಥ ಸ್ಥಿರಾಸ್ತಿಯನ್ನು ಈ ಅಧಿಕಾರದಡಿ ಮುಟ್ಟುವಂತಿಲ್ಲ ಎಂದು ಹಳೆಯ ಸಂಹಿತೆಯ ಇದೇ ಕಲಮಿನ ಬಗ್ಗೆ 2019ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ.

ಮಾದಕ ವಸ್ತು ಪ್ರಕರಣಗಳಲ್ಲಿ ಇನ್ನೊಂದು ಗಟ್ಟಿ ಗೆರೆ ಇದೆ. ಎನ್‌ಡಿಪಿಎಸ್ ಕಾಯ್ದೆಯ ಕಲಂ 50ರಂತೆ, ನಿಮ್ಮ ಮೈ ತಪಾಸಣೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ನಡೆಯಬೇಕೆಂದು ಕೇಳುವ ಹಕ್ಕಿದೆ ಎಂದು ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ಮೈಮೇಲೆ ಸಿಕ್ಕ ವಸ್ತುವಿನ ಆಧಾರದ ಮೇಲೆ ಶಿಕ್ಷೆ ನಿಲ್ಲುವುದು ಕಷ್ಟ. ಕೈಚೀಲ, ವಾಹನದ ತಪಾಸಣೆಗೆ ಈ ರಕ್ಷಣೆ ಇಲ್ಲ.

ಹೆಜ್ಜೆ 5: ಮೊಬೈಲ್ ವಿಷಯದಲ್ಲಿ ನಿಧಾನಿಸಿ

ಇವತ್ತು ಮನೆಗಿಂತ ಹೆಚ್ಚು ಖಾಸಗಿಯಾದದ್ದು ಫೋನು. ಕಾನೂನು ಇನ್ನೂ ಅದರ ಹಿಂದೆ ಓಡುತ್ತಿದೆ. ಕರ್ನಾಟಕದಲ್ಲಿ ದಾರಿದೀಪವಾಗಿ ಇರುವುದು 2021ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕೊಟ್ಟ ತೀರ್ಪು. ಅದರ ಸಾರ ಹೀಗಿದೆ: ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡುವುದು ಬಿಡುವುದು ಆರೋಪಿಗೆ ಸೇರಿದ್ದು. ಕೊಡದಿದ್ದರೆ ಅಧಿಕಾರಿ ನ್ಯಾಯಾಲಯಕ್ಕೆ ಹೋಗಿ ಆದೇಶ ಅಥವಾ ಶೋಧ ವಾರಂಟ್ ಪಡೆಯಬೇಕು. ನ್ಯಾಯಾಲಯ ಆದೇಶಿಸಿದ ಮೇಲೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ. ಕೊನೆಯ ಮಾತಿನ ಬಗ್ಗೆ ನನಗೆ ತಕರಾರಿದೆ. ತಲೆಯೊಳಗಿನ ಪದವನ್ನು ಬೆರಳ ಗುರುತಿನ ಸಾಲಿಗೆ ಸೇರಿಸುವುದು, ಈ ರಕ್ಷಣೆ ಕೊಡುವ 20(3)ನೇ ವಿಧಿಯನ್ನು ತೆಳುವಾಗಿಸುತ್ತದೆ. ಆದರೂ ಸದ್ಯ ಇಲ್ಲಿ ನಡೆಯುವ ನಿಯಮ ಅದು.

ಹಾಗಾಗಿ ನ್ಯಾಯಾಲಯದ ಆದೇಶ ಇಲ್ಲದೆ ಫೋನಿನ ಬೀಗ ತೆರೆಯಲು ಒಪ್ಪಿಗೆ ಇಲ್ಲ ಎಂದು ವಿನಯದಿಂದ ಹೇಳಿ. ಫೋನನ್ನೇ ಜಪ್ತಿ ಮಾಡಿದರೆ ಕೊಡಿ, ಕಿತ್ತಾಡಬೇಡಿ, ಅಳಿಸಬೇಡಿ. ಅಳಿಸಿದರೆ ಸಾಕ್ಷ್ಯನಾಶದ ಆರೋಪ ಸೇರುತ್ತದೆ. ಹೊಸ ಸಾಕ್ಷ್ಯ ಕಾಯ್ದೆಯ ಕಲಂ 63ರ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸುವ ಜಾಗವಿದೆ. ಅದು ಫೋನಿನ ಮಾಹಿತಿಯಿಂದ ಲೆಕ್ಕ ಹಾಕಿದ ಸಂಖ್ಯೆ. ಒಳಗೆ ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಅದನ್ನು ಮಹಜರಿನಲ್ಲೇ ಬರೆಯಿರಿ ಎಂದು ಕೇಳಿ.

ರಸ್ತೆಯಲ್ಲಿ ತಡೆದು, ಯಾವ ಪ್ರಕರಣವೂ ಇಲ್ಲದೆ, ಚಿತ್ರ ಮತ್ತು ಸಂದೇಶಗಳನ್ನು ಜಾಲಾಡುವುದಕ್ಕೆ ಈ ಸಂಹಿತೆಯಲ್ಲಿ ಆಧಾರ ಕಾಣುವುದಿಲ್ಲ. ಅಲ್ಲಿ ಹೆಸರು ವಿಳಾಸ ಮಾತ್ರ ನಿಜ ಹೇಳಿ. ಅಸಂಜ್ಞೇಯ (ವಾರಂಟ್ ಇಲ್ಲದೆ ಬಂಧಿಸುವಂತಿಲ್ಲದ) ಅಪರಾಧದಲ್ಲಿ ಕೂಡ ಹೆಸರು ಮುಚ್ಚಿಟ್ಟರೆ ಕಲಂ 39ರಡಿ ಹಿಡಿದಿಡಬಹುದು.

ಹೆಜ್ಜೆ 6: ಬಂಧನವಾಯಿತು ಎಂದಾಗ ಕೇಳಬೇಕಾದ ಎರಡು ಹಾಳೆ

ಮೊದಲ ಹಾಳೆ ಬಂಧನ ಪತ್ರ. 1996ರ ಡಿಸೆಂಬರ್ 18ರ ಡಿ.ಕೆ. ಬಸು ತೀರ್ಪಿನಿಂದ ಬಂದದ್ದು, ಈಗ ಕಲಂ 36ರಲ್ಲಿದೆ. ಕುಟುಂಬದವರೋ ಆ ಪ್ರದೇಶದ ಗೌರವಾನ್ವಿತರೋ ಒಬ್ಬರು ಸಾಕ್ಷಿಯಾಗಿ ಸಹಿ ಮಾಡಬೇಕು, ಬಂಧಿತರೂ ಸಹಿ ಮಾಡಬೇಕು. ಇದರಲ್ಲಿ ಸಮಯವೇ ಪ್ರಾಣ. ಬೆಳಿಗ್ಗೆ ಕರೆದೊಯ್ದು ರಾತ್ರಿಯ ಸಮಯ ಬರೆದಿದ್ದರೆ, ಸಹಿಯ ಪಕ್ಕದಲ್ಲಿ ನಿಜವಾದ ಸಮಯ ಬರೆಯಿರಿ.

ಎರಡನೆಯ ಹಾಳೆ ಬಂಧನದ ಕಾರಣಗಳು. 22(1)ನೇ ವಿಧಿಯ ಹೃದಯ ಇದು. ಬಹುಕಾಲ ಪೊಲೀಸರು ಬಾಯಲ್ಲಿ ಹೇಳಿದ್ದೇವೆ ಎಂದು ಬರೆದು ಮುಗಿಸುತ್ತಿದ್ದರು. 2023ರ ಪಂಕಜ್ ಬನ್ಸಲ್, 2024ರ ಪ್ರಬೀರ್ ಪುರಕಾಯಸ್ಥ ತೀರ್ಪುಗಳು ಹಣ ಅಕ್ರಮ ವರ್ಗಾವಣೆ ಮತ್ತು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಪ್ರಕರಣಗಳಲ್ಲಿ ಲಿಖಿತ ಕಾರಣ ಕಡ್ಡಾಯ ಮಾಡಿದವು. 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ತೀರ್ಪು, ಕಾರಣ ತಿಳಿಸದ ಬಂಧನವೇ ಅಸಿಂಧು ಎಂದಿತು. ಅದೇ ವರ್ಷ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು ಎಲ್ಲ ಅಪರಾಧಗಳಿಗೂ ಇದನ್ನು ಚಾಚಿತು: ಕಾರಣಗಳು ಬರಹದಲ್ಲಿರಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕಣ್ಣೆದುರೇ ಅಪರಾಧ ನಡೆದಂಥ ತುರ್ತಿನಲ್ಲಿ ಮೊದಲು ಬಾಯಲ್ಲಿ ಹೇಳಬಹುದು, ಆದರೆ ರಿಮಾಂಡಿಗೆ, ಅಂದರೆ ಕಸ್ಟಡಿಯ ಆದೇಶಕ್ಕಾಗಿ ಮ್ಯಾಜಿಸ್ಟ್ರೇಟರ ಮುಂದೆ, ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈ ಸೇರಬೇಕು.

ಕಲಮುಗಳ ಸಂಖ್ಯೆಯಷ್ಟೇ ಬರೆದ ಚೀಟಿ ಸಾಲದು. ನೀವು ಏನು ಮಾಡಿದ್ದೀರಿ ಎಂದು ಆರೋಪಿಸುತ್ತಿದ್ದಾರೆ ಎಂಬುದು ಅದರಲ್ಲಿರಬೇಕು. ಅರ್ಥವಾಗದ ಭಾಷೆಯಲ್ಲಿದ್ದರೆ "ನನಗೆ ಓದಲು ಬರುವುದಿಲ್ಲ, ಕನ್ನಡದಲ್ಲಿ ಕೊಡಿ" ಎಂದು ಅದೇ ಹಾಳೆಯ ಮೇಲೆ ಬರೆದು ಸಹಿ ಹಾಕಿ.

ಬಂಧಿಸಿರುವುದನ್ನು ನೀವು ಹೇಳಿದ ಬಂಧುವಿಗೋ ಸ್ನೇಹಿತರಿಗೋ ತಿಳಿಸುವುದು ಕಲಂ 48ರಂತೆ ಪೊಲೀಸರ ಕೆಲಸ. ಫೋನು ಹೋದ ಮೇಲೆ ಎಷ್ಟೋ ಜನರಿಗೆ ಮನೆಯವರ ನಂಬರೇ ನೆನಪಿರುವುದಿಲ್ಲ. ಒಂದಾದರೂ ಬಾಯಿಪಾಠ ಇರಲಿ.

ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿ ಇಡುವುದೇ ನಿಷಿದ್ಧ. ಅವರು ಹೋಗಬೇಕಾದದ್ದು ಬಾಲನ್ಯಾಯ ಮಂಡಳಿಯ ಮುಂದೆ. ಕೈಕೋಳದ ವಿಷಯದಲ್ಲಿ ಹೊಸ ಸಂಹಿತೆ ಹಿಂದೆ ಸರಿದಿದೆ ಎಂದೇ ನನ್ನ ಭಾವನೆ. 1980ರಲ್ಲಿ ಸುಪ್ರೀಂ ಕೋರ್ಟು ಕೈಕೋಳವನ್ನು ಅಪರೂಪದ ಕ್ರಮವಾಗಿಸಿತ್ತು; ಈಗ ಕಲಂ 43(3) ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕ ವಸ್ತುವಿನಂಥ ಅಪರಾಧಗಳಲ್ಲೂ ಪದೇ ಪದೇ ಅಪರಾಧ ಮಾಡುವವರಿಗೂ ಅದನ್ನು ತೊಡಿಸಲು ಅವಕಾಶ ಕೊಟ್ಟಿದೆ. ಉಳಿದವರಿಗೆ ಹಳೆಯ ರಕ್ಷಣೆ ಇದ್ದೇ ಇದೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಕೈಕೋಳ ಹಾಕಿಸಿಕೊಂಡ ಕಾನೂನು ವಿದ್ಯಾರ್ಥಿಗೆ 2022ರಲ್ಲಿ ಕರ್ನಾಟಕ ಹೈಕೋರ್ಟು ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಹೆಜ್ಜೆ 7: ಠಾಣೆಯೊಳಗೆ ಮಾತು ಕಡಿಮೆ, ಸಹಿ ಇನ್ನೂ ಕಡಿಮೆ

20(3)ನೇ ವಿಧಿ ಆರೋಪಿಗೆ ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು ಕೊಟ್ಟಿದೆ. ಅದು ನ್ಯಾಯಾಲಯದ ಕಟಕಟೆಯಲ್ಲಷ್ಟೇ ಅಲ್ಲ, ಠಾಣೆಯ ವಿಚಾರಣೆಯಲ್ಲೂ ಇದೆ ಎಂದು 1978ರ ನಂದಿನಿ ಸತ್ಪತಿ ತೀರ್ಪು ಹೇಳಿತು. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳು ತರಂಗ ಪರೀಕ್ಷೆಗಳನ್ನು ನಿಷೇಧಿಸಿತು. ಬೆರಳ ಗುರುತು, ರಕ್ತದ ಮಾದರಿ, ಧ್ವನಿ ಮಾದರಿಗಳು ಈ ರಕ್ಷಣೆಯೊಳಗೆ ಬರುವುದಿಲ್ಲ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂದು ಬಹಳ ಜನ ಧೈರ್ಯವಾಗಿರುತ್ತಾರೆ. ಅರ್ಧ ಸತ್ಯ. ನೀವು ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಬಹಳಷ್ಟು ಪ್ರಕರಣಗಳು ಈ ಸಣ್ಣ ಕಿಂಡಿಯಿಂದಲೇ ಒಳಗೆ ಬರುತ್ತವೆ. ತನಿಖೆಯ ವೇಳೆ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸಬಾರದು ಎಂದು ಕಲಂ 181 ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ "ಹೇಳಿಕೆಗೆ ಸಹಿ" ಎಂದಾಗ ಈ ಕಲಮಿನ ಹೆಸರು ಹೇಳಿ.

ವಿಚಾರಣೆಯ ವೇಳೆ ನಿಮ್ಮ ಆಯ್ಕೆಯ ವಕೀಲರನ್ನು ಭೇಟಿ ಮಾಡಬಹುದು, ವಿಚಾರಣೆಯ ಉದ್ದಕ್ಕೂ ಅವರು ಪಕ್ಕದಲ್ಲಿ ಕೂರುವ ಹಕ್ಕಿಲ್ಲ. ಬಂಧನದ ಬಳಿಕ ವೈದ್ಯಕೀಯ ತಪಾಸಣೆ ಕಡ್ಡಾಯ. ವೈದ್ಯರು ಕೇಳುವವರೆಗೆ ಕಾಯದೆ ನೋವಿರುವ ಜಾಗ ತೋರಿಸಿ; ವರದಿಯ ಪ್ರತಿ ನಿಮಗೋ ನೀವು ಹೇಳಿದವರಿಗೋ ಸಿಗಬೇಕು.

ಹೆಜ್ಜೆ 8: ಇಪ್ಪತ್ತನಾಲ್ಕು ಗಂಟೆ ಮತ್ತು ಮ್ಯಾಜಿಸ್ಟ್ರೇಟರ ಮುಂದಿನ ಎರಡು ನಿಮಿಷ

22(2)ನೇ ವಿಧಿಯಂತೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಭಾನುವಾರ, ಹಬ್ಬ ಎಂಬ ವಿನಾಯಿತಿ ಇಲ್ಲ. ರಜೆಯ ದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. ಗಡಿಯಾರ ಶುರುವಾಗುವುದು ಬಂಧನ ಪತ್ರದ ಸಮಯದಿಂದಲ್ಲ, ಎದ್ದುಹೋಗುವ ಸ್ವಾತಂತ್ರ್ಯ ನಿಮಗೆ ಇಲ್ಲವಾದ ಗಳಿಗೆಯಿಂದ ಎಂದು ಹೈಕೋರ್ಟುಗಳು ಹೇಳಿವೆ.

ಮ್ಯಾಜಿಸ್ಟ್ರೇಟರ ಮುಂದೆ ಸಿಗುವುದು ಎರಡು ನಿಮಿಷ. ಅದರಲ್ಲಿ ಹೇಳಬೇಕಾದದ್ದು: ನಿಜವಾಗಿ ಕರೆದೊಯ್ದ ಸಮಯ, ಲಿಖಿತ ಕಾರಣ ಸಿಕ್ಕಿತೇ, ಮನೆಯವರಿಗೆ ತಿಳಿಸಿದರೇ, ಹೊಡೆದರೇ, ವಕೀಲರಿದ್ದಾರೆಯೇ. ಪ್ರಕರಣದ ಕಥೆ ಹೇಳಲು ಹೋಗಬೇಡಿ, ಅದಕ್ಕೆ ಇದು ಜಾಗವಲ್ಲ. ವಕೀಲರಿಲ್ಲದಿದ್ದರೆ "ಉಚಿತ ಕಾನೂನು ನೆರವು ಬೇಕು" ಎಂದು ಹೇಳಿ. ಕಸ್ಟಡಿಯಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಅದು ಸಿಗಬೇಕು. ಮನೆಯವರು 15100ಕ್ಕೆ ಕರೆ ಮಾಡಬಹುದು, ಇಲ್ಲವೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು.

ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಹೊಸ ಸಂಹಿತೆಯಲ್ಲಿ ಅದನ್ನು ಪ್ರಕರಣಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳಲ್ಲಿ ತುಂಡು ತುಂಡಾಗಿಯೂ ಕೇಳಬಹುದು, ಜಾಮೀನಿಗೆ ಇದು ಹೊಸ ತೊಡಕು. ಹತ್ತು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಆರೋಪಪಟ್ಟಿ ಬರುವ ಮೊದಲೇ ಅರ್ಜಿ ಬಿದ್ದಿರಬೇಕು. ದಿನ ಎಣಿಸಿ.

ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನಕ್ಕೆ ಈ 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ. 22ನೇ ವಿಧಿಯೇ ಅದನ್ನು ಹೊರಗಿಟ್ಟಿದೆ. ಅಲ್ಲಿ ಉಳಿಯುವ ಮುಖ್ಯ ಹಕ್ಕುಗಳು ಎರಡು: ಆದಷ್ಟು ಬೇಗ ಕಾರಣ ತಿಳಿಯುವುದು, ಅದರ ವಿರುದ್ಧ ಮನವಿ ಸಲ್ಲಿಸುವುದು. ಮನವಿ ತಡವಾಗಿ ವಿಲೇವಾರಿಯಾಯಿತು ಎಂಬ ಕಾರಣಕ್ಕೇ ಬಿದ್ದುಹೋದ ಆದೇಶಗಳಿವೆ, ಹಾಗಾಗಿ ಮನವಿಯನ್ನು ಮೊದಲ ದಿನಗಳಲ್ಲೇ ಕೊಡಿ.

ಹೆಜ್ಜೆ 9: ಹೊರಗಿರುವ ಮನೆಯವರ ಕೆಲಸ

ಯಾವ ಠಾಣೆ ಎಂದೇ ತಿಳಿಯದಿದ್ದರೆ ಜಿಲ್ಲಾ ಪೊಲೀಸ್ ನಿಯಂತ್ರಣ ಕೊಠಡಿಗೆ ಹೋಗಿ. ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಕಾಣುವಂತೆ ಪ್ರದರ್ಶಿಸಬೇಕು, ಇದಕ್ಕೆಂದೇ ಎಎಸ್‌ಐ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿ ಇರಬೇಕು ಎಂದು ಕಲಂ 37 ಹೇಳುತ್ತದೆ. ಎಫ್‌ಐಆರ್ ಪ್ರತಿಯನ್ನು ರಾಜ್ಯ ಪೊಲೀಸರ ಜಾಲತಾಣದಲ್ಲಿ ಹುಡುಕಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ.

"ನಮ್ಮಲ್ಲಿ ಇಲ್ಲ" ಎಂದು ಠಾಣೆಯವರು ಹೇಳುತ್ತಿದ್ದು, ಒಳಗಿದ್ದಾರೆ ಎಂಬುದು ನಿಮಗೆ ಖಚಿತವಿದ್ದರೆ, ಎರಡು ದಾರಿಗಳಿವೆ. 226ನೇ ವಿಧಿಯಡಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ನ್ಯಾಯಾಲಯದ ಮುಂದೆ ತರಿಸಿ ಎಂಬ ಅರ್ಜಿ. ಬೆಂಗಳೂರಿಗೇ ಬರಬೇಕಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಇನ್ನೊಂದು, ಹೆಚ್ಚಿನವರಿಗೆ ತಿಳಿಯದ ಕಲಂ 100: ಅಕ್ರಮವಾಗಿ ಕೂಡಿಹಾಕಿದ ವ್ಯಕ್ತಿಯನ್ನು ಹುಡುಕಿಸಲು ಮ್ಯಾಜಿಸ್ಟ್ರೇಟರೇ ವಾರಂಟ್ ಹೊರಡಿಸಬಹುದು. ಅಲ್ಲಿಯವರೆಗೆ ಪ್ರತಿ ಸಲ ಠಾಣೆಗೆ ಹೋದಾಗಲೂ ಸಮಯ ಮತ್ತು ಮಾತಾಡಿದವರ ಹೆಸರು ಬರೆದಿಡಿ. ಎಸ್‌ಪಿ ಅಥವಾ ಕಮಿಷನರರಿಗೆ ಇಮೇಲ್ ಹೋಗಲಿ. ಅದರ ಸಮಯವನ್ನು ಯಾರೂ ತಿದ್ದಲಾರರು.

ಹೆಜ್ಜೆ 10: ಗೆರೆ ದಾಟಿದ್ದಾರೆ ಎನಿಸಿದರೆ

ಮೊದಲು ಸಿಸಿಟಿವಿ. 2020ರ ಡಿಸೆಂಬರಿನ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಂತೆ ಪ್ರತಿ ಠಾಣೆಯಲ್ಲೂ ಧ್ವನಿಸಹಿತ ಕ್ಯಾಮೆರಾ ಇರಬೇಕು, ದಾಖಲೆ 18 ತಿಂಗಳು, ಕನಿಷ್ಠ ಒಂದು ವರ್ಷವಾದರೂ ಉಳಿಯಬೇಕು. ಕಾಗದದ ಮೇಲಿನ ಈ ಅವಧಿಯನ್ನು ನಂಬಿ ಕೂರಬೇಡಿ. ಘಟನೆಯಾದ ದಿನಗಳಲ್ಲೇ, ಇಂಥ ದಿನಾಂಕದ ಇಂಥ ಗಂಟೆಯಿಂದ ಇಂಥ ಗಂಟೆಯವರೆಗಿನ ದಾಖಲೆ ಉಳಿಸಿ ಎಂದು ಎಸ್‌ಪಿಗೆ ಬರೆಯಿರಿ, ನ್ಯಾಯಾಲಯದಲ್ಲೂ ಅರ್ಜಿ ಹಾಕಿ.

ದೂರಿಗೆ ರಾಜ್ಯ ಮಾನವ ಹಕ್ಕುಗಳ ಆಯೋಗ ಮತ್ತು ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇವೆ. ಎರಡನೆಯದು 2006ರ ಪ್ರಕಾಶ್ ಸಿಂಗ್ ತೀರ್ಪಿನ ಕೂಸು. ಇವು ನಿಧಾನ, ಆದರೆ ಹಾಕಿದ ದೂರು ದಾಖಲೆಯಾಗಿ ಉಳಿಯುತ್ತದೆ. ಬಂಧನವೇ ಅಕ್ರಮ ಎಂಬ ವಾದವನ್ನು ರಿಮಾಂಡಿನ ಮೊದಲ ದಿನವೇ ಎತ್ತಬೇಕು, ಮ್ಯಾಜಿಸ್ಟ್ರೇಟರು ಒಪ್ಪದಿದ್ದರೆ ಹೈಕೋರ್ಟಿಗೆ ಒಯ್ಯಬೇಕು. ಬಂಧನ ಅಸಿಂಧುವಾದರೆ ಬಿಡುಗಡೆಯಾಗುತ್ತದೆ, ಪ್ರಕರಣ ಮಾತ್ರ ಮುಂದುವರಿಯುತ್ತದೆ. ಸರಿಯಾದ ಕ್ರಮದಲ್ಲಿ ಮತ್ತೆ ಬಂಧಿಸಲೂಬಹುದು. ಪರಿಹಾರಕ್ಕೆ ರಿಟ್ ಅರ್ಜಿಯ ದಾರಿ 1983ರ ರುದುಲ್ ಶಾ ಮತ್ತು 1993ರ ನೀಲಬತಿ ಬೆಹೆರಾ ತೀರ್ಪುಗಳಿಂದ ತೆರೆದಿದೆ. ಆ ಅರ್ಜಿಗೆ ಲಗತ್ತಿಸಬೇಕಾದವು: ಮುದ್ರೆ ಬಿದ್ದ ಹಾಜರಾತಿ ಪತ್ರ, ಆಕ್ಷೇಪಣೆ ಬರೆದ ಮಹಜರಿನ ಪ್ರತಿ, ವೈದ್ಯರ ವರದಿ, ಅಂದೇ ಕಳಿಸಿದ ಇಮೇಲ್‌ಗಳು, ರಿಮಾಂಡ್ ಆದೇಶದ ದೃಢೀಕೃತ ಪ್ರತಿ.